ಇಂದಿನ ಧಮ್ಮಚಿಂತನೆ: ನೊಂದವರಿಗೆ ನೆರಳಾಗುವುದು

ನಮೋ ಬುದ್ಧಾಯ. 

2025ರ ಏಪ್ರಿಲ್ 22ರ ಮಧ್ಯಾಹ್ನ ಕಾಶ್ಮೀರದ ಪಹಲ್ಗಾಮ್ ಹತ್ತಿರದ ಬೈಸರನ್ ಹುಲ್ಲುಗಾವಲಿನಲ್ಲಿ ಬಂದೂಕುಧಾರಿಗಳು 26 ಜನರನ್ನು ಗುಂಡಿಟ್ಟು ಕೊಂದರು. ಧರ್ಮ ಯಾವುದೆಂದು ಕೇಳಿ ಕೊಂದರು. ಸತ್ತವರಲ್ಲಿ ಶಿವಮೊಗ್ಗದ ಒಬ್ಬರು, ಬೆಂಗಳೂರಿನಿಂದ ಹೋಗಿದ್ದ ಇಬ್ಬರು ಇದ್ದರು. ಹೆಂಡತಿ ಮಕ್ಕಳ ಜೊತೆ ರಜೆ ಕಳೆಯಲು ಹೋದವರು. ಆ ವಾರ ಹೊಸಪೇಟೆ, ಸಂಡೂರು, ಕಂಪ್ಲಿಯಲ್ಲೂ ಟಿವಿ ಮುಂದೆ ಕೂತವರ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಗುರುತು ಪರಿಚಯ ಇರಲಿಲ್ಲ, ಆದರೂ ನಮ್ಮವರೇ ಅನ್ನಿಸಿತು. ಅವರ ಮನೆಯಲ್ಲಿ ಆಡುವ ಮಾತು ನಮ್ಮ ಮನೆಯಲ್ಲಿ ಆಡುವ ಮಾತೇ.

ಇಂಥ ದುಃಖವನ್ನು ಏನು ಮಾಡುವುದು? ಬುದ್ಧಗುರು ಇದಕ್ಕೆ ಹೊರಗಿನವರಾಗಿ ಉತ್ತರ ಹೇಳಲಿಲ್ಲ. ಅವರ ಸ್ವಂತ ಕುಲವೇ ಕಗ್ಗೊಲೆಗೆ ತುತ್ತಾಗಿತ್ತು.

ಧಮ್ಮಪದದ ಅಟ್ಠಕಥೆಯಲ್ಲಿ ಆ ವೃತ್ತಾಂತ ಬರುತ್ತದೆ. ಕೋಸಲದ ಅರಸ ಪಸೇನದಿ ಶಾಕ್ಯರ ಹೆಣ್ಣನ್ನು ಕೇಳಿದ. ಕೊಡಲು ಕುಲದ ಅಭಿಮಾನ ಬಿಡಲಿಲ್ಲ, ಇಲ್ಲವೆನ್ನಲು ಧೈರ್ಯ ಸಾಲಲಿಲ್ಲ. ದಾಸಿಯಲ್ಲಿ ಹುಟ್ಟಿದ ಮಗಳನ್ನು ರಾಜಪುತ್ರಿಯೆಂದು ಹೇಳಿ ಮದುವೆ ಮಾಡಿಕೊಟ್ಟರು. ಆಕೆಯ ಮಗ ವಿಡೂಡಭ ದೊಡ್ಡವನಾಗಿ ಅಜ್ಜನ ಊರು ಕಪಿಲವಸ್ತುವಿಗೆ ಬಂದ. ಅವನು ಹೊರಟ ಮೇಲೆ ಅವನು ಕೂತ ಆಸನವನ್ನು ಹಾಲು ಬೆರೆಸಿದ ನೀರಿನಿಂದ ತೊಳೆಸಿದರು. ಆ ಸುದ್ದಿ ಅವನ ಕಿವಿಗೆ ಬಿತ್ತು. ರಕ್ತದಲ್ಲೇ ಆ ಆಸನ ತೊಳೆಯುತ್ತೇನೆ ಎಂದು ಶಪಥ ಮಾಡಿದ.

ಅರಸನಾದ ಮೇಲೆ ದಂಡು ಕಟ್ಟಿ ಹೊರಟ. ಬುದ್ಧರು ಮೊದಲೇ ಹೋಗಿ ಶಾಕ್ಯರ ಗಡಿಯಲ್ಲಿ, ಎಲೆ ವಿರಳವಾದ ಒಂದು ಮರದ ಕೆಳಗೆ ಕೂತರು. ಅಲ್ಲೇ ಹತ್ತಿರ ವಿಡೂಡಭನ ಗಡಿಯೊಳಗೆ ದಟ್ಟ ನೆರಳಿನ ಆಲದ ಮರವಿತ್ತು. ಈ ಸುಡುಬಿಸಿಲಲ್ಲಿ ಇಲ್ಲೇಕೆ ಕೂತಿರಿ, ಆ ಮರದಡಿ ಬನ್ನಿ ಎಂದು ಅರಸ ಕೇಳಿದ. ಬಂಧುಗಳ ನೆರಳು ತಂಪಾಗಿರುತ್ತದೆ ಎಂಬ ಅರ್ಥದ ಮಾತನ್ನು ಬುದ್ಧರು ಹೇಳಿದರು. ಅರಸ ಹಿಂದಿರುಗಿದ. ಹೀಗೆ ಮೂರು ಸಲ ಆಯಿತು. ನಾಲ್ಕನೇ ಸಲ ಬುದ್ಧರು ಹೋಗಲಿಲ್ಲ. ಶಾಕ್ಯರ ಕೊಲೆ ನಡೆದೇ ಹೋಯಿತು. ಕೊಂದು ಮರಳುತ್ತಿದ್ದ ದಂಡು ಹೊಳೆಯ ದಡದಲ್ಲಿ ಬೀಡುಬಿಟ್ಟ ರಾತ್ರಿ ನೆರೆ ಬಂದು ಅದೂ ಕೊಚ್ಚಿಹೋಯಿತು.

ಈ ಕಥೆಯಲ್ಲಿ ನಮಗೆ ಬೇಕಾದ ಮಾತು ಆ ನೆರಳಿನದು. ಏಪ್ರಿಲ್ ಬಿಸಿಲಲ್ಲಿ ಹಂಪಿಯ ಬಂಡೆಗಳ ನಡುವೆ ನಡೆದವರಿಗೆ ಒಂದು ಬೇವಿನ ಮರದ ಬೆಲೆ ಹೇಳಿಕೊಡಬೇಕಿಲ್ಲ. ಅದು ಸೂರ್ಯನನ್ನು ಆರಿಸುವುದಿಲ್ಲ. ಅದರಡಿ ಕೂತವರ ಜೀವ ಹಿಡಿದಿಡುತ್ತದೆ. ಬುದ್ಧರು ಕೂತದ್ದು ಎಲೆಯೇ ಇಲ್ಲದಂಥ ಮರದಡಿ. ಆದರೂ ಅದನ್ನೇ ಆರಿಸಿಕೊಂಡರು, ತಮ್ಮವರ ಪಕ್ಕದಲ್ಲಿ ಇರುವುದಕ್ಕೆ. ನೊಂದವರಿಗೆ ನಾವು ಮಾಡಬಹುದಾದದ್ದೂ ಅಷ್ಟೇ.

ನೆರಳು ಕಾರಣ ಹೇಳುವುದಿಲ್ಲ. ಸಾವಿನ ಮನೆಗೆ ಹೋದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು, 'ಎಲ್ಲಾ ಹಣೆಬರಹ, ಹಿಂದಿನ ಜನ್ಮದ ಕರ್ಮ' ಎಂದು. ದಯವಿಟ್ಟು ಈ ಮಾತು ಬೇಡ. ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧರನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಪೂರ್ವಕರ್ಮದ ಫಲವೇ ಎಂದು. ಬುದ್ಧರು ಒಪ್ಪುವುದಿಲ್ಲ. ನೋವಿಗೆ ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತುಮಾನದ ಬದಲಾವಣೆ, ಅಜಾಗರೂಕತೆ, ಇನ್ನೊಬ್ಬರ ಹಲ್ಲೆ, ಕೊನೆಗೆ ಕರ್ಮಫಲ ಎಂದು ಎಂಟು ಕಾರಣ ಎಣಿಸುತ್ತಾರೆ. ಇನ್ನೊಬ್ಬರ ಹಲ್ಲೆ ಅಲ್ಲಿ ಬೇರೆಯೇ ಕಾರಣ. ಕೊಂದವನ ಹೊಣೆಯನ್ನು ಸತ್ತವನ ಲೆಕ್ಕಕ್ಕೆ ಬರೆಯುವುದು ಧಮ್ಮವಲ್ಲ. ಅಟ್ಠಕಥೆ ಶಾಕ್ಯರ ಹಳೆಯ ಕರ್ಮದ ಮಾತನ್ನೂ ಹೇಳುತ್ತದೆ, ನಿಜ. ಅದು ಆಮೇಲೆ ಭಿಕ್ಷುಗಳ ನಡುವೆ ಬಂದ ಮಾತು, ಅಳುತ್ತಿರುವ ತಾಯಿಯ ಮುಂದೆ ಆಡಿದ್ದಲ್ಲ.

ನೆರಳು ಎರಡನೆಯ ಬಾಣವನ್ನೂ ಹೊಡೆಯುವುದಿಲ್ಲ. ಅದೇ ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತದಲ್ಲಿ ಬುದ್ಧರು ಎರಡು ಬಾಣಗಳ ಹೋಲಿಕೆ ಕೊಡುತ್ತಾರೆ. ಮೊದಲನೆಯದು ಬಂದೆರಗಿದ ನೋವು. ಎರಡನೆಯದು ಆ ನೋವಿನ ಮೇಲೆ ಮನಸ್ಸು ತಾನೇ ಚುಚ್ಚಿಕೊಳ್ಳುವುದು. ಬದುಕಿ ಬಂದವರು 'ಆ ಟ್ರಿಪ್‌ಗೆ ಹೋಗಲೇಬಾರದಿತ್ತು, ನಾನೇ ಒತ್ತಾಯ ಮಾಡಿದೆ' ಎಂದು ರಾತ್ರಿಯಿಡೀ ಕೊರಗುತ್ತಾರೆ. ಅವರಿಗೆ ಈ ಕಥೆಯನ್ನು ಮೆಲ್ಲಗೆ ನೆನಪಿಸಬಹುದು: ಮೂರು ಸಲ ತಡೆದ ಬುದ್ಧರಿಗೂ ನಾಲ್ಕನೆಯದನ್ನು ತಡೆಯಲು ಆಗಲಿಲ್ಲ. ತಡೆಯಲಾಗದ್ದು ತಪ್ಪಲ್ಲ.

ನಮ್ಮ ಪಾಲಿಗೆ ಆ ಎರಡನೆಯ ಬಾಣ ಕೈಯಲ್ಲಿರುವ ಮೊಬೈಲ್. ರಕ್ತದ ವಿಡಿಯೋ, ಹೆಣದ ಫೋಟೋ, ಅಳುವ ಹೆಂಗಸಿನ ಮುಖ, ಹತ್ತು ಗ್ರೂಪಿಗೆ ಕಳಿಸುತ್ತೇವೆ. ನೋಡಿದ ಮಗು ರಾತ್ರಿ ಬೆಚ್ಚಿಬೀಳುತ್ತದೆ. ಕಳಿಸುವ ಮೊದಲು ಒಂದು ಉಸಿರು ನಿಲ್ಲಿ. ಇದು ಯಾರಿಗೆ ತಂಪು ಕೊಡುತ್ತದೆ ಎಂದು ಕೇಳಿಕೊಳ್ಳಿ.

ಕೊನೆಗೆ ಸಿಟ್ಟು. ಸಿಟ್ಟು ಬರುವುದು ಸಹಜ. ಎದೆ ಬಿಸಿಯಾಗುತ್ತದೆ, ಹಲ್ಲು ಕಚ್ಚುತ್ತೇವೆ. ಅದನ್ನು ಇಲ್ಲವೆನ್ನಬೇಡಿ, ಉಸಿರಿನ ಜೊತೆ ಕೂತು ನೋಡಿ. ತಪ್ಪಿತಸ್ಥರಿಗೆ ಶಿಕ್ಷೆಯಾಗಲಿ ಎಂದು ಬಯಸುವುದೂ ತಪ್ಪಲ್ಲ. ಆದರೆ ಸಿಟ್ಟು ಗುರಿ ತಪ್ಪಿ ಪಕ್ಕದ ಮನೆಗೆ ತಗಲುತ್ತದೆ.

ಇದನ್ನು ನಾವು ನಮ್ಮ ಸೀಮೆಯಲ್ಲೇ ಕಲಿತಿದ್ದೇವೆ. ಪಹಲ್ಗಾಮ್‌ಗೆ ಒಂದೂವರೆ ತಿಂಗಳು ಮೊದಲು, 2025ರ ಮಾರ್ಚ್ 6ರ ರಾತ್ರಿ, ಹಂಪಿಯ ಆಚೆ ದಡದ ಸಾಣಾಪುರದಲ್ಲಿ ಅತಿಥಿಗಳ ಮೇಲೆ ದಾಳಿ ನಡೆಯಿತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಕಾಲುವೆಗೆ ತಳ್ಳಿಸಿಕೊಂಡ ಒಡಿಶಾದ ಪ್ರವಾಸಿಯೊಬ್ಬರು ಜೀವ ಕಳೆದುಕೊಂಡರು. ಬಂಧಿತರಾದವರು ಈ ಸೀಮೆಯವರೇ. ಆಗ ಯಾರಾದರೂ 'ಆ ಕಡೆಯ ಜನರೇ ಹಾಗೆ' ಎಂದರೆ ಗೈಡ್‌ಗೆ, ಆಟೋದವರಿಗೆ, ಬಾಳೆಗದ್ದೆಯಲ್ಲಿ ದುಡಿಯುವವರಿಗೆ ಹೇಗಾಗಿರಬೇಕು? ಬೈಸರನ್‌ನಲ್ಲಿ ಸತ್ತ 26 ಜನರಲ್ಲಿ ಕುದುರೆ ಸವಾರಿ ಮಾಡಿಸುತ್ತಿದ್ದ ಸ್ಥಳೀಯ ಮುಸ್ಲಿಂ ಯುವಕನೂ ಒಬ್ಬ. ಅತಿಥಿಗಳನ್ನು ಉಳಿಸಲು ಹೋಗಿ ಗುಂಡಿಗೆ ಬಲಿಯಾದ. ಹಾಗಿರುವಾಗ ಒಂದು ಊರನ್ನು, ಒಂದು ಧರ್ಮವನ್ನು ಇಡಿಯಾಗಿ ದೂರುವುದು ಹೇಗೆ? ಮೊಹರಂನಲ್ಲಿ ಎಲ್ಲ ಜಾತಿಯವರೂ ಅಲಾಯಿ ಕುಣಿಯುವ ಹಳ್ಳಿಗಳವರು ನಾವು. ವಿಡೂಡಭ ತನಗಾದ ಅವಮಾನಕ್ಕೆ ಇಡೀ ಕುಲವನ್ನು ಹೊಣೆ ಮಾಡಿದ. ಆ ದಾರಿ ಎಲ್ಲಿ ಮುಗಿಯಿತೆಂದು ನೋಡಿದೆವು.

ಇಂದಿನ ಅಭ್ಯಾಸ:

ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಮೆತ್ತಾ ಭಾವನೆಯಲ್ಲಿ ಕೂಡಿ. ಮೊದಲು ನಿಮ್ಮ ಬಗ್ಗೆ, ಆಮೇಲೆ ಆ 26 ಮನೆಗಳ ಬಗ್ಗೆ, ಆಮೇಲೆ ನಿಮ್ಮ ಓಣಿಯ ಬಗ್ಗೆ. ಸಿಟ್ಟು ಬಂದವರ ಬಗ್ಗೆ ಇಂದೇ ಆಗದಿದ್ದರೆ ಒತ್ತಾಯ ಬೇಡ.

ನಿಮಗೆ ಗೊತ್ತಿರುವ ಒಂದು ದುಃಖದ ಮನೆಗೆ ಹೋಗಿ ಬನ್ನಿ. ಅಪಘಾತವೋ, ಆತ್ಮಹತ್ಯೆಯೋ, ಕೊಲೆಯೋ, ಯಾವುದೇ ಇರಲಿ. ವರ್ಷ ಕಳೆದ ಮೇಲೆ ಅಂಥ ಮನೆಗೆ ಯಾರೂ ಹೋಗುವುದಿಲ್ಲ. ಚಹಾ ಕುಡಿದು, ಸತ್ತವರ ಹೆಸರು ಹೇಳಿ, ಸುಮ್ಮನೆ ಕೂತು ಬನ್ನಿ.

ಯಾರಿಗಾದರೂ ತಿಂಗಳುಗಟ್ಟಲೆ ನಿದ್ದೆ ಬರುತ್ತಿಲ್ಲ, ಸದ್ದಿಗೆ ಬೆಚ್ಚುತ್ತಾರೆ, ಬದುಕು ಬೇಡವೆನ್ನುತ್ತಾರೆ ಎಂದಾದರೆ ಧ್ಯಾನ ಒಂದೇ ಸಾಕು ಎನ್ನಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿಸಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಹತ್ತಿರ ಕರೆದುಕೊಂಡು ಹೋಗುವುದೂ ನೆರಳಾಗುವ ಕೆಲಸವೇ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.