ಆ ಗಾಡಿಯೇ ಈ ಗಾಡಿ

ಒಂದು ವಸ್ತುವಿನ ಅವಯವಗಳು ಕಾಲಕ್ರಮದಲ್ಲಿ ಒಂದೊಂದಾಗಿ ಬದಲಾಗಿ ಹೋದಮೇಲೆ, ಉಳಿದದ್ದನ್ನು ಅದೇ ವಸ್ತುವೆಂದು ಕರೆಯಬಹುದೆ? ನಮ್ಮ ದಾರ್ಶನಿಕರು ಬಟ್ಟೆಯನ್ನೂ ಮಡಕೆಯನ್ನೂ ದೀಪದ ಉರಿಯನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಚರ್ಚಿಸಿದರು. ಅದೇ ಪ್ರಶ್ನೆಯು 1990ನೆಯ ಇಸವಿಯಲ್ಲಿ ಲಂಡನ್ನಿನ ಹೈಕೋರ್ಟಿಗೆ ಒಂದು ಹಳೆಯ ಮೋಟಾರು ಗಾಡಿಯ ರೂಪದಿಂದ ಬಂದು ನಿಂತಿತು. ವಾದಗೋಷ್ಠಿಯಲ್ಲಿ ಸೋತವನಿಗೆ ನಷ್ಟವಾಗುವುದು ಮಾನ ಮಾತ್ರ. ಇಲ್ಲಿಯ ಪಣವು ಒಂದು ಕೋಟಿ ಪೌಂಡು.

ಬೆಂಟ್ಲಿ ಕಂಪೆನಿಯ ‘ಸ್ಪೀಡ್ ಸಿಕ್ಸ್’ ಜಾತಿಯ ಆ ಗಾಡಿಗೆ ‘ಓಲ್ಡ್ ನಂಬರ್ ಒನ್’ ಎಂದು ಹೆಸರು. ಫ್ರಾನ್ಸ್ ದೇಶದ ಲ ಮಾನ್ ಎಂಬಲ್ಲಿ ನಡೆಯುವ 24 ಗಂಟೆಗಳ ಪಂದ್ಯವನ್ನು 1929ರಲ್ಲಿ ಬಾರ್ನಾಟೋ ಮತ್ತು ಬಿರ್ಕಿನ್, 1930ರಲ್ಲಿ ಬಾರ್ನಾಟೋ ಮತ್ತು ಕಿಡ್‌ಸ್ಟನ್ ಅದರಲ್ಲಿ ಕುಳಿತು ಗೆದ್ದರು. ಪಂದ್ಯದ ಗಾಡಿಯಾದುದರಿಂದ ಆಗಾಗ ಏನಾದರೊಂದು ಭಾಗ ಕಳಚಿ ಇನ್ನೊಂದು ಬಂದು ಸೇರುತ್ತಿತ್ತು. 1932ರಲ್ಲಿ ಎಂಟು ಲೀಟರಿನ ಎಂಜಿನನ್ನು ಹೊತ್ತು ಬ್ರೂಕ್‌ಲೆಂಡ್ಸ್ ಪಂದ್ಯಕ್ಕೆ ಇಳಿದಾಗ, ಓರೆಯಾಗಿ ಕಟ್ಟಿದ ದಾರಿಯ ಅಂಚನ್ನು ದಾಟಿ ಹೊರಕ್ಕೆ ಉರುಳಿತು. ನಡೆಸುತ್ತಿದ್ದ ಕ್ಲೈವ್ ಡನ್‌ಫಿ ಮಡಿದನು. ತರುವಾಯ ಅದಕ್ಕೆ ಮುಚ್ಚಿದ ಮೈಯನ್ನು ಕಟ್ಟಿ ರಸ್ತೆಯ ಗಾಡಿಯನ್ನಾಗಿ ಮಾಡಿದರು.

ದಶಕಗಳು ಕಳೆದಮೇಲೆ ಅದನ್ನು ಕೊಳ್ಳಲೊಪ್ಪಿದವರು, ಇದು ಆ ಗಾಡಿಯಲ್ಲವೆಂದು ಹಿಂದೆಗೆದರು. ಒಡೆಯನು ದಾವೆ ಹೂಡಿದನು. ನ್ಯಾಯಾಧೀಶ ಆಟನ್ ಅವರು ಗಾಡಿಯ ಪೂರ್ವೋತ್ತರವನ್ನೆಲ್ಲ ಶೋಧಿಸಿ ಕಂಡದ್ದು ವಿಚಿತ್ರವಾಗಿದೆ. 1929ರದೆಂದು ಖಚಿತವಾಗಿ ಹೇಳಬಹುದಾದ ಭಾಗವಾವುದೂ ಇಲ್ಲ. 1930ರದೆಂದು ಹೇಳಬಹುದಾದವು ಗೇರುಪೆಟ್ಟಿಗೆಯ ಹೊರಕವಚ, ಸ್ಟಿಯರಿಂಗಿನ ಕಂಬ, ಇಂಥ ಎರಡು ಮೂರು. ಆದರೂ ಅವರು ಮಾರುವವನ ಪರವಾಗಿಯೇ ತೀರ್ಪಿತ್ತರು. ಬದಲಾವಣೆಗಳು ಮೆಲ್ಲಮೆಲ್ಲನೆ ನಡೆದುವು, ನಡುವೆ ಇತಿಹಾಸದ ಎಳೆ ಎಲ್ಲಿಯೂ ಕಡಿಯಲಿಲ್ಲ, ಆ ಹೆಸರಿಗೆ ಹಕ್ಕುದಾರನಾಗಬಲ್ಲ ಬೇರೊಂದು ಗಾಡಿಯೂ ಲೋಕದಲ್ಲಿಲ್ಲ ಎಂಬುದು ಅವರ ವಿಚಾರಸರಣಿ.

ವೈಶೇಷಿಕನು ಇದನ್ನು ಕೇಳಿದ್ದರೆ ತಲೆಯಲ್ಲಾಡಿಸುತ್ತಿದ್ದನು. ಬಟ್ಟೆಯಿಂದ ಒಂದು ನೂಲನ್ನು ಎಳೆದರೂ ಹಳೆಯ ಬಟ್ಟೆ ನಾಶವಾಗಿ ‘ಖಂಡಪಟ’ವೆಂಬ ಹೊಸದೊಂದು ಹುಟ್ಟುವುದೆಂದು ಅವನ ಮತ. ಮಿಲಿಂದರಾಜನಿಗೆ ರಥವನ್ನು ತೋರಿಸಿ, ಗಾಲಿ ರಥವಲ್ಲ, ಅಚ್ಚು ರಥವಲ್ಲ, ಇವೆಲ್ಲವನ್ನು ಆಶ್ರಯಿಸಿ ‘ರಥ’ವೆಂಬ ವ್ಯವಹಾರ ಮಾತ್ರ ಉಂಟೆಂದು ಬೋಧಿಸಿದ ನಾಗಸೇನನು ನ್ಯಾಯಾಧೀಶರ ಬಳಿಗೆ ತುಸು ಹತ್ತಿರ ಬರುವನು. ನನ್ನ ಒಲವು ನೈಯಾಯಿಕರ ಕಡೆಗಾದರೂ, ಈ ಸಂದರ್ಭದಲ್ಲಿ ಬೌದ್ಧರ ಸಂತಾನವಾದವೇ ಕೆಲಸಕ್ಕೆ ಬಂತೆಂದು ಒಪ್ಪದೆ ಗತಿಯಿಲ್ಲ.

ಇಲ್ಲೊಂದು ತೊಡಕುಂಟು. ಮನುಷ್ಯನ ಮೈ ಬದಲಾದರೂ ‘ನಾನೇ ಅವನು’ ಎಂಬ ಸ್ಮೃತಿ ಅವನೊಳಗಿದೆ. ಗಾಡಿಗೆ ಸ್ಮೃತಿಯಿಲ್ಲ. ಅದರ ನೆನಪೆಲ್ಲ ಪರರ ಕೈಯಲ್ಲಿದೆ: ಕಾರ್ಖಾನೆಯ ದಾಖಲೆ, ಚಾಸಿಯ ಸಂಖ್ಯೆ, ರಿಪೇರಿಯ ಬಿಲ್ಲು, ಹಳೆಯ ಛಾಯಾಚಿತ್ರ, ಕ್ರಯಪತ್ರ. ಈ ಕಾಗದಗಳಲ್ಲಿ ಒಂದನ್ನು ಅಡಗಿಸಿದವನು ವಸ್ತುವಿನ ಸ್ಮೃತಿಯನ್ನೇ ಕದ್ದಂತಾಗುತ್ತದೆ.

ಒಡೆತನದ ವಿಷಯದಲ್ಲಿಯೂ ಹೀಗೆಯೇ. ಲಿಖಿತ, ಭುಕ್ತಿ, ಸಾಕ್ಷಿ ಎಂದು ಯಾಜ್ಞವಲ್ಕ್ಯನು ಮೂರು ಪ್ರಮಾಣಗಳನ್ನು ಹೇಳಿದನು. ಇಂಗ್ಲೆಂಡಿನ ಸರ್ಕಾರ ಗಾಡಿಗೆ ಕೊಡುವ ನೋಂದಣಿಪತ್ರವು ಇಟ್ಟುಕೊಂಡವನ ಹೆಸರನ್ನು ಹೇಳುವುದೇ ಹೊರತು ಒಡೆಯನಾರೆಂಬುದಕ್ಕೆ ಪ್ರಮಾಣವಾಗದು. ಅದು ಭುಕ್ತಿಯ ಗುರುತು, ಆಗಮದ್ದಲ್ಲ. ನಮ್ಮ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಸ್ವತ್ವವು ಲೋಕಸಿದ್ಧವೆಂದನು. ಹಾಗಾದರೆ ಕದ್ದವನ ಕೈಯಲ್ಲಿರುವ ವಸ್ತು ಅವನದೇ ಆಗಲಿಲ್ಲವೆ ಎಂಬ ಆಕ್ಷೇಪವನ್ನೂ ಅವನೇ ಎತ್ತಿ, ಸಂದೇಹವಿರುವುದು ಕ್ರಯ ಮೊದಲಾದ ಉಪಾಯಗಳು ನಡೆದುವೋ ಇಲ್ಲವೋ ಎಂಬಲ್ಲಿ ಎಂದು ಸಮಾಧಾನ ಹೇಳಿದನು. ಹಳೆಯ ಗಾಡಿಯನ್ನು ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಇಂದಿಗೂ ಅದೇ.

ಪ್ರಾಮಾಣಿಕವಾಗಿ ಹಣ ತೆತ್ತು ಕೊಂಡ ಸಜ್ಜನನೊಬ್ಬನು, ಹಳೆಯ ಕಂತೆಯಲ್ಲಿ ತನ್ನ ಗಾಡಿಯ ಚಾಸಿ ಬೇರೆಯದೆಂದು ತೋರಿಸುವ ಬಿಲ್ಲೊಂದನ್ನು ಕಂಡನೆನ್ನೋಣ. ಅವನು ಮೋಸ ಮಾಡಿದವನಲ್ಲ, ಕೇಳುವವರೂ ಯಾರಿಲ್ಲ. ಸುಮ್ಮನಿರಬಹುದೆ? ಇರಲಾಗದೆಂದೇ ನನ್ನ ಅಭಿಪ್ರಾಯ. ಅವನ ಮೌನವು ಮುಂದಿನ ಕೊಳ್ಳುವವನಿಗೆ ಸುಳ್ಳಾಗಿ ತಲುಪುವುದು. ನಷ್ಟವು ಅವನಿಗೆ ಅನ್ಯಾಯವಾಗಿ ಬಂದುದೆಂಬುದು ನಿಜ; ಆದರೆ ತನಗೆ ಬಂದ ಅನ್ಯಾಯವನ್ನು ಇನ್ನೊಬ್ಬನಿಗೆ ದಾಟಿಸುವ ಅಧಿಕಾರ ಅದರಿಂದ ಹುಟ್ಟುವುದಿಲ್ಲ. ಶಾಲೆಯ ದಾಖಲಾತಿ ಪುಸ್ತಕವನ್ನು ಬಹುಕಾಲ ಬರೆದವನು ನಾನು. ಅಲ್ಲಿ ತಪ್ಪನ್ನು ಉಜ್ಜಿ ಅಳಿಸುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದು ಗೀಟೆಳೆದು, ಹೊಸದನ್ನು ಮೇಲೆ ಬರೆದು, ರುಜು ಹಾಕಬೇಕು. ಗಾಡಿಯ ಭಾಗವನ್ನು ಬದಲಿಸುವ ಕಮ್ಮಾರನಿಗೂ ಈ ವಿಧಿಯೇ ಸಲ್ಲುವುದು. ಬದಲಿಸಿದ್ದು ದೋಷವಲ್ಲ, ನಮ್ಮ ದೇವಾಲಯಗಳಿಗೂ ಜೀರ್ಣೋದ್ಧಾರವುಂಟು. ಬರೆಯದೆ ಬದಲಿಸಿದ್ದು ದೋಷ.

ಮತ್ತೆ ಆ ಬೆಂಟ್ಲಿಯ ಮಾತು. ಮಾರುವವನಿಗೆ 1929 ಮತ್ತು 1930ರ ಗೆಲವುಗಳು ಬೇಕು. 1932 ಯಾರಿಗೆ ಬೇಕು? ಆದರೆ ತಗಡೂ ಕಬ್ಬಿಣವೂ ಬೇರೆಯಾದಮೇಲೆ ಆ ಗೆಲವುಗಳನ್ನು ಇಂದಿನ ಗಾಡಿಗೆ ತಂದು ಮುಟ್ಟಿಸಿದ್ದು ಕಡಿಯದ ಎಳೆಯೊಂದೇ ಅಲ್ಲವೆ? ಆ ಎಳೆಯು ಬ್ರೂಕ್‌ಲೆಂಡ್ಸಿನ ಅಂಚಿನ ಮೇಲೆಯೇ ಹಾದು ಬಂದಿದೆ. ಆ ಪುಟವನ್ನು ಹರಿದರೆ ಅದರ ಹಿಂದಿನ ಪುಟಗಳೂ ಕಳಚಿಕೊಳ್ಳುವುವು. ಬಾರ್ನಾಟೋ, ಬಿರ್ಕಿನ್, ಕಿಡ್‌ಸ್ಟನ್ ಎಂಬ ಹೆಸರುಗಳನ್ನು ಬರೆದ ಅದೇ ಮಸಿಯಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ, ಡನ್‌ಫಿಯ ಹೆಸರನ್ನೂ ಬರೆಯಬೇಕು.