ಮರಿಮೀನಿಗೊಂದು ತೇಲುವ ತೊಟ್ಟಿಲು



ಮೀನಿನ ಮರಿಗಳನ್ನು ಉಳಿಸುವ ಮಾತನ್ನು ಗುಡವಿಯಿಂದ ಆರಂಭಿಸುವುದು ಸ್ವಲ್ಪ ತಮಾಷೆಯೇ ಸರಿ. ಸೊರಬದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಬನವಾಸಿಯ ಕಡೆಗಿರುವ ಆ ಕೆರೆಗೆ ಬರುವ ಅತಿಥಿಗಳಲ್ಲಿ ಮೀನು ತಿನ್ನುವವರೇ ಬಹಳ. ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ, ಅವುಗಳ ನಡುವೆ ಕೆಸರು ಕೆದಕುವ ಬಿಳಿ ಕೆಂಬರಲು. 1989ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಸ್ಥಳವಿದು. ಕಳೆದ ಮಳೆಗಾಲದಲ್ಲಿ ಧರ್ಮೋಪದೇಶ ತರಗತಿಯ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ.

ನೀರಿನಲ್ಲಿ ಅರ್ಧ ಮುಳುಗಿ ನಿಂತ ಮರಗಳ ಮೇಲೆ ಗೂಡುಗಳು ಗಿಜಿಗುಡುತ್ತಿದ್ದವು. ದಡದ ಮೇಲೆ ಇಷ್ಟೊಂದು ಮರಗಳಿರುವಾಗ ಇವು ನೀರಿನ ನಡುವೆಯೇ ಏಕೆ ಗೂಡು ಕಟ್ಟಬೇಕು ಎಂದು ಮಕ್ಕಳು ಕೇಳಿದರು. ನೆಲದ ಮೇಲೆ ಓಡಾಡುವ ಕಾಡುಬೆಕ್ಕು, ನರಿಗಳು ಅಷ್ಟು ಸುಲಭವಾಗಿ ಅಲ್ಲಿಗೆ ತಲುಪಲಾರವು, ನೀರೇ ಅವುಗಳ ಬೇಲಿ ಎಂದೆ. ಆಗ ಏಳನೇ ತರಗತಿಯ ಒಬ್ಬ ಹುಡುಗ, ಅದುವರೆಗೆ ಬಾಯಿ ತೆರೆಯದಿದ್ದವನು, "ನಮ್ಮನೇಲೂ ಇಂಥದ್ದೊಂದಿದೆ ಫಾದರ್. ಅಪ್ಪ ಮಾಡಿಕೊಟ್ಟಿದ್ದು" ಎಂದ.

ಮುಂದಿನ ವಾರ ಅವರ ಮನೆಗೆ ಹೋದೆ. ಅಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದರು.

ಹುಡುಗ ಸಾಕಿದ್ದು ಗಪ್ಪಿ ಮೀನು. ಸೊಳ್ಳೆಯ ಮರಿಹುಳುಗಳನ್ನು ತಿನ್ನುತ್ತವೆಂದು ಆರೋಗ್ಯ ಇಲಾಖೆಯವರು ಬಾವಿಗೆ, ತೊಟ್ಟಿಗೆ ಬಿಡುವ ಮೀನೇ ಇದು. ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಸುಮಾರು ನಾಲ್ಕು ವಾರಕ್ಕೊಮ್ಮೆ, ಒಂದು ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಹುಟ್ಟಿದ ಮರಿ ಅರ್ಧ ಅಂಗುಲವೂ ಇರುವುದಿಲ್ಲ. ಒಂದು ಬೆಳಿಗ್ಗೆ ಅವನ ಗಾಜಿನ ತೊಟ್ಟಿಯಲ್ಲಿ ಮರಿಗಳು ಹುಟ್ಟಿದವು. ಕುಣಿದಾಡಿದ. ಶಾಲೆಯಿಂದ ಬಂದು ನೋಡಿದರೆ ಉಳಿದದ್ದು ಎರಡೋ ಮೂರೋ. ಅವನ ಕಣ್ಣೆದುರೇ ತಾಯಿಮೀನು ಒಂದನ್ನು ನುಂಗಿತು.

ಆ ಮನೆಯಲ್ಲಿ ಆಗ ಬೇರೆಯದೇ ಒಂದು ಸಂಕಟವಿತ್ತು. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ತಂದೆ ನೆಂಟರೆದುರೇ ಮಗನಿಗೆ ಹೊಡೆದಿದ್ದರು. ಅಂದಿನಿಂದ ಮಗ ತಂದೆಯೊಡನೆ ಮಾತು ಬಿಟ್ಟಿದ್ದ. ತಿಂಗಳುಗಳೇ ಕಳೆದಿದ್ದವು. ರಾತ್ರಿಯ ಜಪಸರದಲ್ಲಿ ಒಂದೇ ಚಾಪೆಯ ಎರಡು ತುದಿಯಲ್ಲಿ ಇಬ್ಬರೂ ಕೂರುತ್ತಿದ್ದರು. ಮೀನು ಮರಿ ತಿಂದ ರಾತ್ರಿ ಹುಡುಗ ಅಡಿಗೆಮನೆಯಲ್ಲಿ ತಾಯಿಯನ್ನು ಕೇಳಿದ: "ಅಮ್ಮಾ, ಅದು ತನ್ನದೇ ಮರಿ ಅಂತ ಅದಕ್ಕೆ ಗೊತ್ತಾಗಲ್ವಾ?" ಹೊರಗೆ ಜಗುಲಿಯಲ್ಲಿದ್ದ ತಂದೆಗೆ ಆ ಮಾತು ಕೇಳಿಸಿತು. "ಅವನು ಕೇಳಿದ್ದು ಮೀನಿನ ವಿಷಯ ಅಲ್ಲ ಅನ್ನಿಸ್ತು ಫಾದರ್. ನಿದ್ದೆ ಬರಲಿಲ್ಲ" ಎಂದು ಅವರು ನನ್ನೊಡನೆ ಹೇಳಿದರು.

ಗೊತ್ತಾಗುವುದಿಲ್ಲ ಎಂಬುದೇ ಉತ್ತರ. ನಮ್ಮ ಕೆರೆಗಳ ಕೊರಮೀನು ತನ್ನ ಮರಿಗಳ ಕೆಂಪು ಹಿಂಡಿನ ಕೆಳಗೇ ಈಜುತ್ತಾ ಕಾವಲಿರುತ್ತದೆ. ಗಪ್ಪಿಗೆ ಆ ಬುದ್ಧಿ ಇಲ್ಲ. ಎದುರಿಗೆ ಚಿಕ್ಕದೇನೋ ಚಲಿಸಿತು, ಹಸಿವಾಗಿದೆ, ನುಂಗಿತು. ಅದಕ್ಕೆ ಮರಿಯ ಮೇಲೆ ದ್ವೇಷವಿಲ್ಲ. ಆ ತಂದೆಗೂ ಮಗನ ಮೇಲೆ ದ್ವೇಷವಿರಲಿಲ್ಲ. ತಾನು ಓದಲಾಗಲಿಲ್ಲ, ಮಗನಾದರೂ ದೊಡ್ಡ ಹುದ್ದೆಗೆ ಏರಬೇಕು, ನೆಂಟರ ನಡುವೆ ತಲೆಯೆತ್ತಿ ನಡೆಯಬೇಕು ಎಂಬ ಹಸಿವು. ನಮ್ಮಲ್ಲಿ ಯಾರಿಗಿಲ್ಲ ಅದು? ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಗಳಲ್ಲಿ ಸಂತ ಪೌಲನು, ಮಕ್ಕಳನ್ನು ಕೆಣಕಿ ಅವರ ಮನಗುಂದಿಸಬೇಡಿರೆಂದು ತಂದೆಗಳನ್ನೇ ಕರೆದು ಎಚ್ಚರಿಸುತ್ತಾನೆ. ಮಕ್ಕಳು ವಿಧೇಯರಾಗಿರಬೇಕೆಂಬ ಮಾತನ್ನು ಪೀಠದಿಂದ ನಾವು ಎಷ್ಟೋ ಸಲ ಹೇಳಿದ್ದೇವೆ. ಅದರ ಪಕ್ಕದಲ್ಲೇ ಇರುವ ಈ ಮಾತನ್ನು ಅಷ್ಟು ಸಲ ಹೇಳಿಲ್ಲ. ಆ ತಪ್ಪು ನನ್ನದೂ ಹೌದು.

ಹುಡುಗ ಉಳಿದ ಮರಿಗಳನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಕಿಟಕಿಯ ಮೇಲಿಟ್ಟ. ಎರಡೇ ದಿನದಲ್ಲಿ ಅವೂ ಸತ್ತವು. ಅಷ್ಟು ಕಡಿಮೆ ನೀರು ಬಿಸಿಲಿಗೆ ಬೇಗ ಕಾಯುತ್ತದೆ, ರಾತ್ರಿ ಬೇಗ ತಣ್ಣಗಾಗುತ್ತದೆ. ತಿಂದು ಉಳಿದದ್ದು, ಮೀನಿನ ಹೊಲಸು ಕೊಳೆತು ನೀರೇ ವಿಷವಾಗುತ್ತದೆ. ಈ ಬಾಟಲಿಯನ್ನೂ ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಯಾರೊಡನೆಯೂ ಸೇರಬೇಡ, ಎಲ್ಲಿಗೂ ಹೋಗಬೇಡ ಎಂದು ಕೂಡಿಹಾಕಿದ ಮಗು ಒಳಗೇ ಬಾಡಿಹೋಗುತ್ತದೆ.

ತಂದೆ ಹಿಂದೊಮ್ಮೆ ಊರಿನ ಕೆರೆಗೆ ಬಿಡಲು ಮೀನುಮರಿ ತರಲೆಂದು ಬಿ.ಆರ್. ಪ್ರಾಜೆಕ್ಟಿಗೆ ಹೋಗಿದ್ದರಂತೆ. ಅಲ್ಲಿ ಕೊಳದೊಳಗೆ ಸೊಳ್ಳೆಪರದೆಯಂಥ ಬಟ್ಟೆಯ ಪೆಟ್ಟಿಗೆಗಳನ್ನು ಕಟ್ಟಿದ್ದನ್ನು ನೋಡಿದ್ದರು. ಅದಕ್ಕೆ ಹಾಪಾ ಎನ್ನುತ್ತಾರೆ. ಅದು ನೆನಪಾಗಿ, ಮುಂದಿನ ಭಾನುವಾರ ಬಲಿಪೂಜೆ ಮುಗಿಸಿ ಬಂದವರೇ ಐಸ್‌ಕ್ರೀಮಿನ ಒಂದು ಖಾಲಿ ಡಬ್ಬಿ ತೆಗೆದುಕೊಂಡು ಮಗನ ಪಕ್ಕ ಕುಳಿತರು. ಡಬ್ಬಿಯ ನಾಲ್ಕು ಬದಿಯಲ್ಲೂ ತಳದಲ್ಲೂ ಕಿಟಕಿ ಕೊರೆದರು. ಸೊಳ್ಳೆಪರದೆ ಸಾಲದು, ಎಳೆಮರಿ ಅದರಲ್ಲಿ ನುಸುಳಬಹುದೆಂದು ಹುಡುಗನೇ ಹೇಳಿದನಂತೆ. ತಾಯಿ ಹಳೆಯ ಮದುವೆಯ ಮುಸುಕಿನ ಸಣ್ಣ ಕಣ್ಣಿನ ಜಾಳಿಗೆಯ ತುಂಡು ಕೊಟ್ಟರು. ಅಂಟು ಹಾಕಿದರೆ ನೀರು ಕೆಡಬಹುದೆಂದು ನೈಲಾನ್ ದಾರದಿಂದ ಹೊಲಿದರು. ಎರಡು ಪಕ್ಕಕ್ಕೆ ಥರ್ಮೋಕೋಲ್ ತುಂಡು ಕಟ್ಟಿದರು. ಮರಿಗಳು ಹಾರಿ ಆಚೆ ಬೀಳದಂತೆ, ದೊಡ್ಡವು ಒಳಗೆ ಜಿಗಿಯದಂತೆ ಅಂಚು ನೀರಿನಿಂದ ಎರಡು ಬೆರಳು ಮೇಲೆ ನಿಂತಿತು. ಒಳಗೆ ಒಂದು ಹಿಡಿ ನೀರುಗಿಡ ಹಾಕಿದರು, ಮರಿ ಅಡಗಲು. ಇಷ್ಟೇ.

ವಿಮೋಚನಾಕಾಂಡದ ಎರಡನೆಯ ಅಧ್ಯಾಯ ನಿಮಗೆ ನೆನಪಾಗಿರಬೇಕು. ಮೂರು ತಿಂಗಳು ಬಚ್ಚಿಟ್ಟ ಕೂಸನ್ನು ಇನ್ನು ಬಚ್ಚಿಡಲಾಗದೆ ತಾಯಿ ಜೊಂಡಿನ ಬುಟ್ಟಿ ಮಾಡಿ, ನೀರು ನುಗ್ಗದಂತೆ ರಾಳ ಬಳಿದು, ನದಿಯಂಚಿನ ಜೊಂಡಿನ ನಡುವೆ ಇಡುತ್ತಾಳೆ. ಹೀಬ್ರೂ ಮೂಲದಲ್ಲಿ ಆ ಬುಟ್ಟಿಗೂ ನೋವನ ನಾವೆಗೂ ಒಂದೇ ಪದ, ತೇವಾ. ಗಮನಿಸಿರಿ, ಗಂಡುಕೂಸುಗಳನ್ನು ಎಸೆಯಬೇಕೆಂದು ಫರೋಹನು ಆಜ್ಞೆ ಮಾಡಿದ್ದ ಅದೇ ನದಿಗೆ ತಾಯಿ ಬುಟ್ಟಿಯನ್ನು ಇಳಿಸಿದಳು. ಅಕ್ಕ ದೂರದಲ್ಲಿ ನಿಂತು ನೋಡುತ್ತಿದ್ದಳು. ಹುಡುಗನ ಡಬ್ಬಿಯೂ ಹಾಗೆಯೇ. ತಾಯಿಮೀನು ಈಜುವ ನೀರೇ ಮರಿಗಳ ನೀರು. ಅದೇ ಬಿಸಿ, ಅದೇ ತಂಪು, ಅದೇ ಉಸಿರು. ಜಾಳಿಗೆ ತಡೆಯುವುದು ಹಲ್ಲನ್ನು ಮಾತ್ರ. ಕೋಪ ಬಂದಾಗ ಎದ್ದು ಹೊರಗೆ ಹೋಗಿ ತೋಟಕ್ಕೊಂದು ಸುತ್ತು ಬರುವ ತಂದೆಯನ್ನು ನಾನು ಬಲ್ಲೆ. ಅದು ಆತನ ಜಾಳಿಗೆ.

ಸಾಕುವವರಿಗೆ ಇನ್ನೆರಡು ಮಾತು. ಹಸಿದ ತಾಯಿಯನ್ನು ದಿನಗಟ್ಟಲೆ ಡಬ್ಬಿಯಲ್ಲಿ ಇಡಬೇಡಿರಿ, ಅದು ಗಾಬರಿಯಾಗಿ ಸೊರಗುತ್ತದೆ. ಮರಿಗಳನ್ನೇ ಮೆಲ್ಲಗೆ ಎತ್ತಿ ಒಳಗೆ ಬಿಡುವುದು ಲೇಸು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ, ಸೂಜಿಮೊನೆಯಷ್ಟು, ದಿನಕ್ಕೆ ಮೂರು ನಾಲ್ಕು ಸಲ ಸಾಕು. ಪ್ರೀತಿಯಿಂದ ಹೆಚ್ಚು ಹಾಕಿದರೂ ನೀರು ಕೊಳೆಯುತ್ತದೆ. ವಾರಕ್ಕೊಮ್ಮೆ ತೊಟ್ಟಿಯ ಕಾಲುಭಾಗ ನೀರು ಬದಲಿಸಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೆಟ್ಟಿನಲ್ಲಿಟ್ಟು ಹಾಕಬೇಕು.

ಬಿಡುವುದು ಯಾವಾಗ? ದೊಡ್ಡ ಮೀನಿನ ಬಾಯಿಗೆ ಹಿಡಿಸದಷ್ಟು ಬೆಳೆದಾಗ. ನಾಲ್ಕರಿಂದ ಆರು ವಾರ. ಅದಕ್ಕಿಂತ ಹೆಚ್ಚು ಆ ಇಕ್ಕಟ್ಟಿನಲ್ಲಿಟ್ಟರೆ ಬೆಳವಣಿಗೆ ಕುಂಠಿತವಾಗುತ್ತದೆ. ಮಾತೆ ಮರಿಯ ಹನ್ನೆರಡು ವರ್ಷದ ಮಗನ ಕೈಹಿಡಿದುಕೊಂಡೇ ಜೆರುಸಲೇಮಿನಿಂದ ನಡೆದಿದ್ದರೆ ಮೂರು ದಿನದ ಹುಡುಕಾಟವಿರುತ್ತಿರಲಿಲ್ಲ. ಬಂಧುಬಳಗದ ಗುಂಪಿನಲ್ಲಿ ಎಲ್ಲೋ ಇರುತ್ತಾನೆಂದು ನಂಬಿ ಒಂದು ದಿನದ ದಾರಿ ನಡೆದರು ಎಂದು ಸಂತ ಲೂಕನು ಬರೆಯುತ್ತಾನೆ. ಆ ನಂಬಿಕೆಯನ್ನು ಬೇಜವಾಬ್ದಾರಿ ಎನ್ನಲು ನನಗೆ ಎಂದೂ ಮನಸ್ಸು ಬಂದಿಲ್ಲ. ಈ ಜೂನಿನಲ್ಲಿ ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು ಬಸ್ಸಿನಲ್ಲಿ ಅಳುತ್ತಾ ಬಂದ ತಾಯಂದಿರಿಗೆ ಇದನ್ನು ಹೇಳಬೇಕೆನಿಸಿತು.

ಹೆಚ್ಚಾದ ಮರಿಗಳನ್ನು ಗುಡವಿ ಕೆರೆಗೆ ಬಿಡಲೇ ಎಂದು ಹುಡುಗ ಕೇಳಿದ. ಬೇಡ ಎಂದೆ. ಗಪ್ಪಿ ದಕ್ಷಿಣ ಅಮೆರಿಕದ ಕಡೆಯದು. ಕೆರೆಯಲ್ಲಿ ಲೆಕ್ಕವಿಲ್ಲದಷ್ಟು ಹೆಚ್ಚಿ ನಮ್ಮ ಸಣ್ಣ ಮೀನುಗಳ ಅನ್ನ ಕಸಿಯಬಲ್ಲದು. ಸಾಕುವ ಗೆಳೆಯರಿಗೆ ಕೊಡು ಎಂದೆ.

ನಾನಿದ್ದ ಆ ಸಂಜೆಯೇ ಅವನು ಡಬ್ಬಿಯನ್ನು ಮೆಲ್ಲಗೆ ವಾಲಿಸಿದ. ಮರಿಗಳು ಒಂದೊಂದಾಗಿ ಹೊರಟವು. ತಾಯಿಮೀನು ಹತ್ತಿರ ಬಂತು, ಮೂತಿ ತಾಗಿಸಿತು, ತಿರುಗಿ ಹೋಯಿತು. ಅಷ್ಟರಲ್ಲಿ ತಂದೆ ತೋಟದಿಂದ ಬಂದು ಕೆಸರುಗಾಲಿನಲ್ಲೇ ಬಾಗಿಲಲ್ಲಿ ನಿಂತರು.

"ಎಷ್ಟು ಉಳೀತೋ?"

"ಹದಿನೇಳು, ಅಪ್ಪ."

"ತಡಿ, ಕಾಲು ತೊಳ್ಕೊಂಡು ಬರ್ತೀನಿ. ಇನ್ನೊಂದ್ಸಲ ಎಣಿಸೋಣ."