ಎಲ್ಲಾದರೂ ಸರಿ

“ಅಮ್ಮಾ, ಊಟ ಎಲ್ಲಿ ಮಾಡೋಣ?” ಎಂದು ಮಗಳು ಕೇಳಿದಳು.

“ಎಲ್ಲಾದರೂ ಸರಿ” ಎಂದೆ.

“ಎಲ್ಲಾದರೂ ಅನ್ನೋ ಹೋಟೆಲು ಮುಂಬಯಿಯ ಯಾವ ರಸ್ತೆಯಲ್ಲಿದೆ ಹೇಳು, ಟ್ಯಾಕ್ಸಿಯವನಿಗೆ ಹೇಳ್ತೇನೆ” ಎಂದಳು ಅವಳು. ಮುಂದಿನ ಸೀಟಿನಲ್ಲಿ ಕುಳಿತಿದ್ದ ಇವರು ಕಿಸಕ್ಕನೆ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಕಳೆದ ದಸರೆ ರಜೆಯ ಮಾತಿದು. ನಮ್ಮ ಮದುವೆಗೆ ಮೂವತ್ತು ವರ್ಷ ತುಂಬಿತೆಂದು, ಮುಂಬಯಿಯಲ್ಲಿ ನೌಕರಿಯಲ್ಲಿರುವ ಮಗಳು ಹಡಗಿನ ಪ್ರವಾಸಕ್ಕೆ ಟಿಕೆಟು ತೆಗೆಸಿದ್ದಳು. ಮುಂಬಯಿಯಿಂದ ಗೋವೆಗೆ ಹೋಗಿ ತಿರುಗಿ ಬರುವುದು. ಶಿರಸಿಯಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ರಾತ್ರಿಯಿಡೀ ರೈಲಿನಲ್ಲಿ ದಾದರಿಗೆ ಬಂದು, ಮಗಳ ಬಾಡಿಗೆ ಕೋಣೆಯಲ್ಲಿ ಸ್ನಾನ ಮುಗಿಸಿ ಹೊರಬಿದ್ದಾಗ ಹನ್ನೊಂದು ಗಂಟೆ. ಮೂರು ಗಂಟೆಯೊಳಗೆ ಬಲ್ಲಾರ್ಡ್ ಪಿಯರ್‌ನ ಹಡಗುಕಟ್ಟೆಯಲ್ಲಿರಬೇಕು. ನಡುವೆ ಇದ್ದದ್ದು ಒಂದು ಊಟ.

ನಾನು ಬುತ್ತಿಯಿಲ್ಲದೆ ಊರು ಬಿಟ್ಟವಳಲ್ಲ. ಚಪಾತಿ, ಶೇಂಗಾ ಚಟ್ನಿ, ಮೊಸರವಲಕ್ಕಿ ನನ್ನ ಜೊತೆ ಧರ್ಮಸ್ಥಳವನ್ನೂ ನೋಡಿವೆ, ಕಾಶಿಯನ್ನೂ ನೋಡಿವೆ. ಬುತ್ತಿಯ ದೊಡ್ಡ ಅನುಕೂಲವೆಂದರೆ, ಎಲ್ಲಿ ಉಣ್ಣೋಣ ಎಂದು ಯಾರೂ ಕೇಳುವುದಿಲ್ಲ. ಈ ಸಲದ ಬುತ್ತಿ ರೈಲಿನಲ್ಲೇ ಮುಗಿದಿತ್ತು. ಮಾಡಿದ ಅಡುಗೆಯನ್ನು ಹಡಗಿನೊಳಗೆ ಒಯ್ಯಗೊಡುವುದಿಲ್ಲವೆಂದು ಮಗಳು ಮೊದಲೇ ಎಚ್ಚರಿಸಿದ್ದಳು.

ಇವರ ವಾದ ಸರಳ. ಹಡಗಿನ ಊಟದ ದುಡ್ಡು ಟಿಕೆಟಿನಲ್ಲೇ ಸೇರಿದೆ; ಹೊರಗೇಕೆ ಖರ್ಚು, ಹೊಟ್ಟೆ ಖಾಲಿ ಇಟ್ಟುಕೊಂಡರಾಯಿತು. ಆದರೆ ಖಾಲಿ ಹೊಟ್ಟೆಯಲ್ಲೂ, ಎಣ್ಣೆ ಪದಾರ್ಥ ತುಂಬಿದ ಹೊಟ್ಟೆಯಲ್ಲೂ ಸಮುದ್ರಕ್ಕೆ ಇಳಿದರೆ ತಲೆ ಸುತ್ತುತ್ತದೆಂದು ತಿಳಿದವರು ಹೇಳಿದ್ದರು. ಹಿತಮಿತವಾಗಿ ಏನಾದರೂ ತಿನ್ನಲೇಬೇಕಿತ್ತು. ಮಗಳು ಮೂರು ದಾರಿ ತೋರಿಸಿದಳು. ಮಾಟುಂಗಾದಲ್ಲಿ ನಮ್ಮ ಕಡೆಯವರ ಬೋರ್ಡಿಂಗುಗಳಿವೆ, ಬಾಳೆಲೆಯ ಊಟ. ದೊಡ್ಡ ರೈಲು ನಿಲ್ದಾಣದ ಹತ್ತಿರ ಪುರಿ-ಭಾಜಿ ಸಿಗುತ್ತದೆ. ಇಲ್ಲವೆಂದರೆ ಹಡಗುಕಟ್ಟೆಗೆ ಸಮೀಪ, ಫೋರ್ಟ್ ಭಾಗದಲ್ಲಿ ಹಳೆಯದೊಂದು ಇರಾನಿ ಹೋಟೆಲಿದೆ. ಹೀಗೆಂದವಳು ಫೋನು ಹಿಡಿದು, ಯಾವುದಕ್ಕೆ ಎಷ್ಟು ನಕ್ಷತ್ರ, ಯಾರು ಹೊಗಳಿದ್ದಾರೆ, ಯಾರು ಬೈದಿದ್ದಾರೆ ಎಂದು ಓದತೊಡಗಿದಳು. ಒಂದು ಹೊತ್ತಿನ ಊಟಕ್ಕೆ ಇಷ್ಟು ಪರೀಕ್ಷೆಯೇ ಎಂದು ಬೆರಗಾಯಿತು. ಎಸ್.ಎಸ್.ಎಲ್.ಸಿ.ಗೂ ಈ ಹುಡುಗಿ ಇಷ್ಟು ಓದಿರಲಿಲ್ಲ!

ಅವಳು ರೇಗಿ ಹಾಗೆಂದ ಮೇಲೆ, ‘ಎಲ್ಲಾದರೂ ಸರಿ’ ಎಂಬ ಮಾತನ್ನು ನಾನು ಎಷ್ಟು ಸಲ ಆಡಿರಬಹುದೆಂದು ಲೆಕ್ಕ ಹಾಕಿದೆ. ‘ಯಾವ ಸೀರೆ?’ ‘ಯಾವುದಾದರೂ ಸರಿ.’ ‘ಏನು ತಿಂಡಿ ಮಾಡಲಿ?’ ಎಂದು ನನ್ನನ್ನು ಯಾರೂ ಕೇಳಿದ್ದಿಲ್ಲ; ಕೇಳಿದ್ದರೂ ಉತ್ತರ ಅದೇ ಆಗಿರುತ್ತಿತ್ತು. ಓದುವ ನೀವೂ ಒಮ್ಮೆ ಎಣಿಸಿ ನೋಡಿ. ಈ ಮಾತನ್ನು ನಾವು ಸದ್ಗುಣವೆಂದೇ ಕಲಿತೆವು. ಹೊಂದಿಕೊಂಡು ಹೋಗುವ ಹೆಂಗಸು, ಬೇಕು ಬೇಡ ಇಲ್ಲದವಳು ಎಂಬ ಹೊಗಳಿಕೆ ನಮಗೆ ಚಿನ್ನದ ಬಳೆಯಷ್ಟೇ ಪ್ರಿಯ.

ನನ್ನ ಆಯಿ ಹಾಗೆ ಹೊಗಳಿಸಿಕೊಂಡವಳು. ಅವಳು ತೀರಿಕೊಂಡು ಎಂಟು ವರ್ಷವಾಯಿತು. ಹನ್ನೆರಡನೆಯ ದಿನದ ಅಡುಗೆಗೆ ಸಿದ್ಧತೆ ನಡೆದಿತ್ತು. “ಅವರಿಗೆ ಪ್ರೀತಿಯಾದದ್ದು ಏನಾದರೂ ಒಂದು ಮಾಡಿಸಿ” ಎಂದರು ಭಟ್ಟರು. ನಾವು ನಾಲ್ಕು ಜನ ಮಕ್ಕಳು ಮುಖ ಮುಖ ನೋಡಿಕೊಂಡೆವು. “ಹಲಸಿನ ಹಣ್ಣಿನ ಕಡುಬು” ಎಂದ ಅಣ್ಣ. ಅದು ಅಣ್ಣನಿಗೆ ಇಷ್ಟ. “ಅಪ್ಪೆಹುಳಿ” ಎಂದಳು ತಂಗಿ. ಅದು ಅಪ್ಪನಿಗೆ ಇಷ್ಟವಿತ್ತು. “ತಂಬ್ಳಿ” ಎಂದೆ ನಾನು. ಹೇಳಿದ ಮೇಲೆ ಹೊಳೆಯಿತು, ಆಯಿ ತಂಬ್ಳಿಯನ್ನು ಉಣ್ಣುತ್ತಿದ್ದದ್ದು ಕಡೆಯ ಪಂಕ್ತಿಯಲ್ಲಿ ಅದೊಂದೇ ಉಳಿದಿರುತ್ತಿತ್ತೆಂದು. ಅವಳು ಏನು ಉಂಡಳೆಂಬುದು ನಮಗೆ ಗೊತ್ತಿತ್ತು. ಏನು ಇಷ್ಟವಿತ್ತೆಂಬುದು ಎಂಬತ್ತೊಂದು ವರ್ಷ ಜೊತೆಗಿದ್ದ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಮೂರನ್ನೂ ಮಾಡಿ ಬಡಿಸಿದೆವು. ಅಂದು ನನಗೆ ಅಳು ಬಂದದ್ದು ಅವಳು ಹೋದಳೆಂದು ಮಾತ್ರವಲ್ಲ.

ಹಾಗೆಂದು ಆಯಿಯನ್ನು ತಪ್ಪು ಹಿಡಿಯಲಾರೆ. ಎಲ್ಲಿ, ಯಾರ ಕೈಯಲ್ಲಿ, ಯಾವಾಗ ಉಣ್ಣಬೇಕೆಂಬುದು ಅವಳ ಕಾಲಕ್ಕೆ ಆಯ್ಕೆಯಾಗಿರಲಿಲ್ಲ, ಕಟ್ಟಳೆಯಾಗಿತ್ತು. ಸಮುದ್ರ ದಾಟಬಾರದೆಂದು ಹಿಂದಿನವರು ಹೇಳುತ್ತಿದ್ದದ್ದರ ಹಿಂದೆಯೂ ಊಟದ ಮಡಿ ಕೆಡುತ್ತದೆಂಬ ಭಯವಿತ್ತಲ್ಲ! ನಮ್ಮ ದೊಡ್ಡಪ್ಪ ಒಬ್ಬರು 1950ರ ದಶಕದ ಆರಂಭದಲ್ಲಿ ಹದಿನಾಲ್ಕರ ಹುಡುಗನಾಗಿ ಹೋಟೆಲ್ ಕೆಲಸಕ್ಕೆಂದು ಕಾರವಾರದಿಂದ ಸ್ಟೀಮರ್ ಹತ್ತಿ ಮುಂಬಯಿಗೆ ಹೋದವರು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಕರಾವಳಿಗೆ ಆಗ ರೈಲಿಲ್ಲ. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಭಾವುಚಾ ಧಕ್ಕೆಯಲ್ಲಿ ಇಳಿಯುವ ಮೊದಲು ಅಜ್ಜ ಕೊಟ್ಟ ಅಪ್ಪಣೆ ಒಂದೇ ಅಂತೆ, “ಇರಾನಿಯ ಅಂಗಡಿಯಲ್ಲಿ ನೀರನ್ನೂ ಕುಡಿಯಬೇಡ.” ದೊಡ್ಡಪ್ಪ ಮೊದಲ ಸಂಬಳದಲ್ಲಿ ಅಲ್ಲಿಯೇ ಹೋಗಿ ಕುಳಿತರು. ಅಮೃತಶಿಲೆಯ ಮೇಜು, ಬಾಗಿಸಿದ ಮರದ ಕುರ್ಚಿ, ಬೆಣ್ಣೆ ಸವರಿದ ಬನ್ನು, ಬಿಸಿ ಚಹಾ. ಪಕ್ಕದ ಮೇಜಿನವನ ಜಾತಿಯನ್ನು ಯಾರೂ ಕೇಳಲಿಲ್ಲ. ಇರಾನಿನಿಂದ ಬಂದ ಜರತುಷ್ಟ್ರ ಧರ್ಮದವರು ತೆರೆದ ಈ ಅಂಗಡಿಗಳಲ್ಲಿ ಗಿರಣಿ ಕೆಲಸಗಾರನೂ ಗುಮಾಸ್ತನೂ ಒಂದೇ ಛಾವಣಿಯಡಿ ಕೂರುತ್ತಿದ್ದರು. ರಜೆಗೆ ಊರಿಗೆ ಬಂದಾಗ ದೊಡ್ಡಪ್ಪ ಇದನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದರು. ಆಯಿ ಒಲೆಯ ಮುಂದೆ ಕುಳಿತು ಕೇಳುತ್ತಿದ್ದಳು, ನಾನು ಅವಳ ಬೆನ್ನಿಗೆ ಆತುಕೊಂಡು ಕೇಳುತ್ತಿದ್ದೆ. ದೊಡ್ಡಪ್ಪನಿಗೆ ಕಟ್ಟಳೆ ಮೀರಲು ಒಂದು ಪಟ್ಟಣ ಸಿಕ್ಕಿತು. ಆಯಿಗೆ ಸಿಗಲಿಲ್ಲ. ಆರು ಜನರ ಹೊಟ್ಟೆ ತುಂಬಿಸುವಷ್ಟರಲ್ಲಿ ಪಾತ್ರೆಯ ತಳ ಕಾಣುವ ಮನೆಯಲ್ಲಿ ‘ನನಗೆ ಇದು ಬೇಕು’ ಎನ್ನುವುದು ಯಾರದೋ ತಟ್ಟೆಯಿಂದ ಕಿತ್ತುಕೊಂಡಂತೆ. ಅವಳ ಮೌನಕ್ಕೆ ಕಾರಣವಿತ್ತು.

ನನ್ನ ಮೌನಕ್ಕೆ ಏನು ಕಾರಣ? ನನಗೆ ಸಂಬಳವಿದೆ, ಪ್ರೀತಿಯಿಂದ ಕೇಳುವ ಮಗಳಿದ್ದಾಳೆ, ಬೇಡವೆನ್ನುವ ಅತ್ತೆಯಿಲ್ಲ. ತರಗತಿಯಲ್ಲಿ ಮಕ್ಕಳಿಗೆ ತ್ಯಾಗದ ಬಗ್ಗೆ ಪಾಠ ಮಾಡುತ್ತೇನೆ. ತ್ಯಾಗವೆಂದರೆ ಇದ್ದದ್ದನ್ನು ಬಿಡುವುದು. ಆಸೆಯೇ ಇಲ್ಲವೆಂದು ಸಾಧಿಸುವವಳು ಬಿಡುವುದಾದರೂ ಏನನ್ನು? ನಿಜ ಹೇಳಬೇಕೆಂದರೆ ನನಗೆ ಆಸೆಯಿಲ್ಲದೆ ಇರಲಿಲ್ಲ, ಜವಾಬ್ದಾರಿ ಬೇಡವಾಗಿತ್ತು. ಪ್ರವಾಸದಲ್ಲಿ ಹೋಟೆಲು ಹುಡುಕುವವರು ಯಾವಾಗಲೂ ಇವರು. ಸಾರಿಗೆ ಉಪ್ಪು ಹೆಚ್ಚೆಂದು ಮೊದಲು ಮುಖ ಸಿಂಡರಿಸುವವಳು ನಾನು. “ನೀನೇ ಎಲ್ಲಾದರೂ ಅಂದಿದ್ದೆಯಲ್ಲೇ” ಎಂದರೆ, “ಅದಕ್ಕೇ ನಾನು ಏನೂ ಹೇಳೋದಿಲ್ಲ” ಎನ್ನುತ್ತೇನೆ. ಆಯ್ಕೆಯ ಭಾರವನ್ನು ಇನ್ನೊಬ್ಬರ ತಲೆಗೆ ಹೊರಿಸಿ, ಸಹನೆಯ ಪುಣ್ಯವನ್ನು ನನ್ನ ಲೆಕ್ಕಕ್ಕೆ ಬರೆದುಕೊಳ್ಳುವುದು ಒಳ್ಳೆಯ ವ್ಯಾಪಾರವೇ ಸರಿ.

ಫೋನಿನಲ್ಲಿ ನಕ್ಷತ್ರ ಎಣಿಸುತ್ತಿದ್ದ ಮಗಳ ಮೇಲೆ ಆಗ ನನಗೆ ಕರುಣೆ ಬಂತು. ಅವಳಿಗೆ ತಪ್ಪಾದೀತೆಂಬ ಭಯ. ನನಗೆ ತಪ್ಪು ನನ್ನದಾದೀತೆಂಬ ಭಯ. ನಾವಿಬ್ಬರೂ ಒಂದೇ ಬಳ್ಳಿಯ ಕಾಯಿಗಳು. ಒಂದು ಊಟ ಕೆಟ್ಟರೆ ಕೆಡಲಿ ಎನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

“ಇರಾನಿ ಹೋಟೆಲಿಗೆ ಹೋಗೋಣ” ಎಂದೆ. ನನ್ನ ಧ್ವನಿ ನನಗೇ ಹೊಸದೆನಿಸಿತು. “ಯಾಕೆ?” ಎಂದರು ಇವರು. ಬಾಳೆಲೆಯ ಊಟವೆಂದು ಅವರ ಮನಸ್ಸು ಆಗಲೇ ಮಾಟುಂಗಾದಲ್ಲಿತ್ತು. “ಯಾಕೆ ಅಂದರೆ, ನನಗೆ ಇಷ್ಟ” ಎಂದೆ. ಇಷ್ಟಕ್ಕೆ ಬೇರೆ ಕಾರಣ ಕೊಡಬೇಕಾಗಿಲ್ಲವೆಂಬುದು ಐವತ್ತಾರನೆಯ ವಯಸ್ಸಿನಲ್ಲಿ ಆದ ಜ್ಞಾನೋದಯ.

ದೊಡ್ಡಪ್ಪ ಹೇಳಿದ್ದ ಮೇಜು ಕುರ್ಚಿಗಳು ಅಲ್ಲಿ ಹಾಗೇ ಇದ್ದವು. ನಾನು ಬನ್ ಮಸ್ಕಾ ಮತ್ತು ಚಹಾ ತೆಗೆದುಕೊಂಡೆ. ಬನ್ನು ಮೆತ್ತಗಿತ್ತು, ಬೆಣ್ಣೆಗೆ ಉಪ್ಪಿನ ರುಚಿಯಿತ್ತು, ಚಹಾದಲ್ಲಿ ಅದ್ದಿದರೆ ಬೆಣ್ಣೆ ಸಣ್ಣ ಸಣ್ಣ ಚಂದ್ರರಂತೆ ತೇಲುತ್ತಿತ್ತು. ಅದ್ಭುತವೇನಲ್ಲ. ಅನ್ನವಿಲ್ಲದ ಊಟ ಊಟವೇ ಎಂದು ಇವರು ಗೊಣಗುತ್ತಲೇ ಇದ್ದರು. ಎಂದಿನ ನಾನಾಗಿದ್ದರೆ, ‘ಇವಳೇ ಕರಕೊಂಡು ಬಂದದ್ದು’ ಎಂದು ಮಗಳ ಕಡೆ ಕಣ್ಣು ಹಾಯಿಸುತ್ತಿದ್ದೆ. ಅಂದು, “ಹೌದು, ನಿಮಗೆ ಸೇರಲಿಲ್ಲ. ಆರಿಸಿದವಳು ನಾನು. ವಾಪಸು ಬಂದ ದಿನ ಮಾಟುಂಗಾಕ್ಕೆ ಹೋಗೋಣ, ಅದು ನಿಮ್ಮ ಸರದಿ” ಎಂದೆ. ಅವರು ತಲೆಯಾಡಿಸಿದರು. ಈಗ ಬಿಟ್ಟುಕೊಡಲು ನನ್ನ ಹತ್ತಿರವೂ ಒಂದು ಸರದಿಯಿತ್ತು.

ತಟ್ಟೆ ಎತ್ತಲು ಬಂದ ಹುಡುಗನಿಗೆ ಹದಿನೆಂಟು ಹತ್ತೊಂಬತ್ತು ಇರಬಹುದು. ಮಧ್ಯಾಹ್ನ ಎಷ್ಟು ಗಂಟೆಗೆ ಉಣ್ಣುತ್ತೀಯೆಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಗಿರಾಕಿಗಳು ಕಡಿಮೆಯಾದ ಮೇಲೆ ಎಂದ. ಏನು ಉಣ್ಣುತ್ತೀ ಎಂದೆ. ಇದ್ದದ್ದು ಎಂದು ನಕ್ಕ. ಆ ನಗು ನನಗೆ ಪರಿಚಯದ್ದು. ಕಡೆಯ ಪಂಕ್ತಿಯ ನಗು. ಆರಿಸುವ ಸೌಲಭ್ಯ ಎಲ್ಲರಿಗೂ ಇಲ್ಲ. ಇದ್ದವರು ಅದನ್ನು ಆಟ ಮಾಡಿಕೊಳ್ಳಬಾರದು, ಇಲ್ಲವೆಂದು ನಟಿಸಲೂಬಾರದು.

ಹಡಗು ಸಂಜೆ ಕಟ್ಟೆ ಬಿಟ್ಟಿತು. ಊರಿನ ದೀಪಗಳು ಸಣ್ಣದಾಗುತ್ತಿದ್ದಾಗ ಕಟಕಟೆಗೆ ಒರಗಿ ನಿಂತಿದ್ದ ಮಗಳು ಫೋನಿನಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದಳು. ಏನೆಂದು ಕೇಳಿದೆ. “ಅಮ್ಮನಿಗೆ ಬನ್ ಮಸ್ಕಾ ಇಷ್ಟ ಅಂತ ಬರೆದಿಟ್ಟಿದ್ದೇನೆ. ಮರೀಬಾರದಲ್ಲ” ಎಂದಳು. ಆಯಿಯ ಹನ್ನೆರಡನೆಯ ದಿನದ ಕಥೆ ಅವಳಿಗೂ ಗೊತ್ತು.

“ಮುಂದೆ ಭಟ್ಟರು ಕೇಳಿದಾಗ ಬನ್ ಮಸ್ಕಾ ಅಂತೀಯೇನೇ?” ಎಂದರು ಇವರು ಗಾಬರಿಯಿಂದ.

“ಮತ್ತೇನು, ನಿಜ ಹೇಳಬೇಡವೇ?” ಎಂದೆ ನಾನು.